ಸಪ್ಪೆ ಸಾರಿನ ಬೀದಿ

ಯಂತ್ರ ಕೆಟ್ಟಿದೆ ಎಂದೇ ಸಿಂಧು ಮೊದಲು ಅಂದುಕೊಂಡಳು. ಉಪ್ಪಾರ ಬೀದಿಯಲ್ಲಿ ನಾಲ್ಕಾರು ಮನೆಯವರ ರಕ್ತದೊತ್ತಡ ಅಳೆಯುವಷ್ಟರಲ್ಲಿ ಅವಳಿಗೆ ಅನುಮಾನ ಹುಟ್ಟಿತ್ತು. ಒಂದು ಜಗಲಿಯ ಅಂಚಿನಲ್ಲಿ ಕೂತು, ಬಿಪಿ ಯಂತ್ರದ ಬ್ಯಾಟರಿ ಬದಲಿಸಿ, ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡು ಗುಂಡಿ ಒತ್ತಿದಳು. ತನ್ನ ಒತ್ತಡ ಎಂದಿನಂತೆಯೇ ಇತ್ತು, ಗಾಬರಿಗೆ ಕೊಂಚ ಏರಿದ್ದು ಬಿಟ್ಟರೆ. ಯಂತ್ರದಲ್ಲಿ ಏನೂ ಊನವಿರಲಿಲ್ಲ.

ಹಾಗಾದರೆ ಬೀದಿಗೇ ಏನೋ ಆಗಿತ್ತು. ಹೋದ ಸಲ ಬಂದಾಗ ಹೆಚ್ಚಿದ್ದ ಒತ್ತಡಗಳೆಲ್ಲ ಈಗ ಹೇಳದೆ ಕೇಳದೆ ಕೆಳಗಿಳಿದು ಕೂತಿದ್ದವು. ಒಬ್ಬೊಬ್ಬರದನ್ನೇ ನೋಡಿದರೆ ಅಂಥ ದೊಡ್ಡ ಇಳಿತವೇನಲ್ಲ. ಆದರೆ ಮುದುಕರು, ಸೊಸೆಯಂದಿರು, ಟೆಂಪೋ ಓಡಿಸುವ ಗಂಡಸರು, ಎಲ್ಲರದೂ ಒಟ್ಟಾಗಿ ಇಳಿಯುವುದನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ.

ಸಂತೋಷಪಡಬೇಕಾದ ಹೊತ್ತಿನಲ್ಲಿ ಅವಳಿಗೆ ಭಯವಾಯಿತು. ಚಾಮರಾಜನಗರದಲ್ಲಿ ಡಾಕ್ಟರ್ ಮಲ್ಲಿಕಾರ್ಜುನಸ್ವಾಮಿ ನಡೆಸುತ್ತಿದ್ದ ಈ ಅಧ್ಯಯನದಲ್ಲಿ ಊರುಗಳು ಎರಡು ಪಾಲಾಗಿದ್ದವು. ಒಂದು ಪಾಲಿನ ಊರುಗಳಲ್ಲಿ ಮೈಕು ಕಟ್ಟಿ, ಚಿತ್ರ ತೋರಿಸಿ, ಉಪ್ಪು ಕಡಿಮೆ ಮಾಡಿ ಎಂದು ಹೇಳುವುದು. ಇನ್ನೊಂದು ಪಾಲಿನ ಊರುಗಳಲ್ಲಿ ಬರೀ ಅಳೆಯುವುದು, ತೀರ ಹೆಚ್ಚಿದ್ದವರನ್ನು ಆಸ್ಪತ್ರೆಗೆ ಕಳಿಸುವುದು, ಉಪ್ಪಿನ ಮಾತನ್ನು ಮಾತ್ರ ಕೆಲಸ ಮುಗಿಯುವವರೆಗೆ ಎತ್ತದಿರುವುದು. ಹೇಳಿದ್ದರಿಂದ ಉಪಯೋಗವಾಯಿತೇ ಎಂದು ತಿಳಿಯಬೇಕಾದರೆ ಹೇಳದ ಊರೂ ಬೇಕಲ್ಲ. ಹಂಗಳದಿಂದ ಒಳಕ್ಕೆ, ಕಾಡಿನ ಅಂಚಿಗಿದ್ದ ಈ ಸಣ್ಣ ಊರು ಹೇಳದ ಊರು.

ಆದರೆ ಸಿಂಧು ಹೇಳಿದ್ದಳು.

ಹೋದ ಸಲ ಅವಳು ಬಂದದ್ದು ಚಿಕ್ಕಮಾದಯ್ಯನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರದಲ್ಲಿ. ಸುತ್ತಲ ಊರುಗಳ ಮದುವೆಗೂ ಮಾದಪ್ಪ ದೇವರ ಪರದ ಊಟಕ್ಕೂ ಅಡುಗೆ ಮಾಡುತ್ತಿದ್ದ ಆಳು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಮಾತು ತೊದಲಿ, ಗೋಡೆಗೆ ಮುಖ ಮಾಡಿ ಮಲಗಿದ್ದ. ಅಳತೆ ಮುಗಿಸಿ ಹೊರಟ ಸಿಂಧುವನ್ನು ಅವನ ಹೆಂಡತಿ ನಾಗಮಣಿ ಬಾಗಿಲಲ್ಲಿ ತಡೆದು, "ಊಟಕ್ಕೆ ಏನಿಕ್ಲಿ ಮೇಡಂ, ಯಾರೂ ಒಂದ್ ಮಾತೂ ಯೋಳಿಲ್ವಲ್ಲ" ಎಂದು ಕಣ್ಣು ತುಂಬಿಕೊಂಡಿದ್ದಳು. "ಉಪ್ಪು ಕಮ್ಮಿ ಮಾಡಿಯಮ್ಮ" ಎಂದು ಸಿಂಧು ಪಿಸುಗುಟ್ಟಿದ್ದಳು. ಹಾಗೆ ಹೇಳದೆ ಅಲ್ಲಿಂದ ಕಾಲು ಕೀಳಲು ಅವಳಿಂದ ಆಗಿರಲಿಲ್ಲ. ಒಂದು ಮನೆಗೆ, ಅದೂ ಕಾಯಿಲೆಯವನಿಗಾಗಿ ಹೇಳಿದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು.

"ಯಾಕ್ ಕೂಸೇ, ನಿನ್ ಮಿಸಿನ್ನು ಮುನಿಸ್ಕಂತಾ?"

ಎದುರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮರಿತಾಯಮ್ಮ ಕೂಗಿದಳು. ಚಿಕ್ಕಮಾದಯ್ಯನ ತಾಯಿ. ಬೀದಿಯಲ್ಲಿ ಎಲ್ಲರಿಗಿಂತ ಹಿರಿಯಳು.

"ಇಲ್ಲ ಅಜ್ಜಿ. ಈ ಬೀದೀಲಿ ಎಲ್ಲರೂ ಬಿಪಿ ಮಾತ್ರೆ ನುಂಗ್ತಿದ್ದೀರಾ?"

"ಮಾತ್ರೆನಾ? ಆಸ್ಪತ್ರೆಗೆ ಓಗಿ ಅಂದ್ರೆ ಒಲುದ್ ಕಡೆ ಓಡೋಗವು ಇವು. ಮಾತ್ರೆ ನನ್ ಮಗ ಒಬ್ನೇ ನುಂಗದು. ಮಿಕ್ಕೋರ್ದೆಲ್ಲ ಅರಕೆ ಕಣವ್ವ."

"ಏನು ಹರಕೆ?"

ಪಕ್ಕದ ಮನೆಯ ಸೊಸೆ ಸ್ವರ್ಣಲತಾ ಬಟ್ಟೆ ಹರವುತ್ತಿದ್ದವಳು ಕಿಸಕ್ಕನೆ ನಕ್ಕಳು. "ಉಪ್ಪಾರ್ ಬೀದೀಲಿ ಉಪ್ಪಿಲ್ಲ ಮೇಡಂ! ಮೇಗಲ ಬೀದಿಯೋರು ಎಂಗ್ ಆಡ್ಕತರೆ ಗೊತ್ತಾ? ನಮ್ಮಟ್ಟಿಗೆ ನೆಂಟ್ರು ಬಂದ್ರೆ ಉಂಡ್ಕಂಡೇ ಬತ್ತರೆ."

ಸಿಂಧು ಯಂತ್ರವನ್ನು ಕೆಳಗಿಟ್ಟಳು. "ಉಪ್ಪು ಬಿಡಿ ಅಂತ ಯಾರು ಹೇಳಿದ್ದು ಅಜ್ಜಿ?"

"ಯಾರು ಅಂತ ನನ್ನ ಕೇಳ್ತೀಯಲ್ಲ! ನೀನೇ ಅಲ್ವಾ ನಮ್ ನಾಗಮಣಿಗೆ ಯೋಳಿದ್ದು?"

ಮುದುಕಿ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಕಥೆಗೆ ಕೂತಳು. ನಾಗಮಣಿ ಅಂದು ಸಂಜೆಯೇ ಸಪ್ಪೆ ಸಾರು ಮಾಡಿದ್ದಳು. ಊರಿಗೆಲ್ಲ ರುಚಿ ಕಲಿಸಿದ ನಾಲಗೆ ಅದನ್ನು ಒಪ್ಪಲಿಲ್ಲ. ಚಿಕ್ಕಮಾದಯ್ಯ ಎಡಗೈಯಲ್ಲಿ ತಟ್ಟೆ ಎತ್ತಿ ಬಾಗಿಲಾಚೆ ಎಸೆದ. ಮಾರನೆಯ ದಿನವೂ ಅದೇ. ಪಕ್ಕದ ಮನೆಯಲ್ಲಿ ಒಣಮೀನು ಹುರಿದ ವಾಸನೆ ಬಂದರೆ ಕೂಸಿನಂತೆ ಅಳುತ್ತಿದ್ದ. ನಂಗೊಬ್ಬಂಗೆ ಯಾಕೆ ಈ ಶಿಕ್ಷೆ, ನಾನೇನು ಮನುಷ್ಯ ಅಲ್ವಾ ಎಂದು ತೊದಲಿ ಕೇಳುತ್ತಿದ್ದ. ಊಟ ಬಿಟ್ಟ. ಊಟವಿಲ್ಲದೆ ಮಾತ್ರೆಯನ್ನೂ ಬಿಟ್ಟ.

"ಆಗ ನಾನಂದೆ, ಮಾದಪ್ಪ, ನನ್ ಮಗ ಅವ್ನ್ ಕಾಲ್ ಮೇಲೆ ನಡ್ಕಂಡು ನಿನ್ ಗುಡಿಗೆ ಬರೋಗಂಟ ನಾನೂ ಸಪ್ಪೆನೇ ಉಣ್ತೀನಿ ಅಂತ. ಅವ್ನ್ ಮುಂದ್ಗಡೆನೇ ಕೂತ್ಕಂಡು ಉಂಡೆ ಕಣವ್ವ. ಗಂಟ್ಲಲ್ಲಿ ಇಳೀದು, ಆದ್ರೂ ಉಂಡೆ. ಅದ್ ನೋಡಿ ಅವ್ನೂ ತಟ್ಟೆಗೆ ಕೈ ಆಕ್ದ, ಮಾತ್ರೆನೂ ನುಂಗ್ದ. ಈ ಸ್ವರ್ಣಲತಾ ನೋಡ್ಬುಟ್ಟು, ಮುದ್ಕಿ ಒಬ್ಳೇ ಯಾಕೆ ಅಂತ ಇವ್ಳೂ ಸುರು ಮಾಡುದ್ಳು."

"ನಮ್ ಮದ್ವೆಗೆ ಅಡ್ಗೆ ಮಾಡ್ದೋರು ಅವ್ರೇ ಅಲ್ವಾ?" ಎಂದಳು ಸ್ವರ್ಣಲತಾ. "ಈ ಬೀದೀಲಿ ಯಾರ್ ಮದ್ವೆಗೆ ಮಾಡಿಲ್ಲ ಯೋಳಿ."

ಹಾಗೆ ಒಂದು ಒಲೆಯಿಂದ ಇನ್ನೊಂದು ಒಲೆಗೆ ದಾಟಿತ್ತು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಬೀದಿಯಿಂದಲೇ ಆಚೆ ಹೋಗಿದ್ದವು.

ಆ ಹೊತ್ತಿನಲ್ಲೂ ಸಿಂಧುವಿಗೆ ಭಯವೇ ಮುಂದೆ ಬಂತು. "ಬಿಸಿಲಲ್ಲಿ ಕೆಲಸ ಮಾಡೋರು ಪೂರ್ತಿ ಬಿಟ್ರೆ ತಲೆ ಸುತ್ತಿ ಬೀಳ್ತಾರೆ ಅಜ್ಜಿ!"

"ಅಷ್ಟು ದಡ್ರಾ ನಾವು? ಒಲಕ್ಕೆ ಓಗೋರ್ ಮಜ್ಗೆಗೆ ಒಂಚೂರು ಆಕ್ತೀವಿ. ಸಂಜೆ ಒಲೆಗೆ ಮಾತ್ರ ಇಲ್ಲ."

ಸಿಂಧು ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಹೆಂಚಿನ ಮನೆಗಳು, ಶೀಟಿನ ಮನೆಗಳು, ಬಾಗಿಲಲ್ಲಿ ನಿಲ್ಲಿಸಿದ ಬೈಕುಗಳು, ಹುಲ್ಲು ಮೆಲ್ಲುವ ಮೇಕೆಗಳು. ಬೆಳಿಗ್ಗೆ ಕಂಡದ್ದೇ ಈಗಲೂ ಇತ್ತು, ಆದರೂ ಅವಳ ಮೈ ಜುಮ್ಮೆಂದಿತು. ಒಬ್ಬ ಮನುಷ್ಯ ತಟ್ಟೆ ಎಸೆಯದಿರಲಿ ಎಂದು ಒಂದು ಬೀದಿಯೇ ತನ್ನ ನಾಲಗೆಯನ್ನು ಕಟ್ಟಿಕೊಂಡಿತ್ತು. ತಿಂಗಳುಗಟ್ಟಲೆ, ದಿನದಿನವೂ. ಅವರ ಎದೆಗಳಿಗೆ ಆದ ಒಳಿತು ಯಂತ್ರಕ್ಕೆ ಗೊತ್ತಾಗಿತ್ತು; ಅವರಿಗೆ ಗೊತ್ತೇ ಇರಲಿಲ್ಲ.

ಅವಳಿಗೆ ಮುಚ್ಚಿಡುವ ದಾರಿಗಳಿದ್ದವು. ಚಳಿಗಾಲಕ್ಕೂ ಬೇಸಿಗೆಗೂ ಒತ್ತಡ ಏರುಪೇರಾಗುತ್ತದೆ ಎನ್ನಬಹುದಿತ್ತು. ಸುಮ್ಮನೆ ಅಂಕಿಗಳನ್ನು ಕಳಿಸಿ ಕೂರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಸುಮ್ಮನಿದ್ದರೆ ಇಷ್ಟೆಲ್ಲ ಯಾರೂ ಏನೂ ಮಾಡದೆ ಆದದ್ದು ಎಂದಾಗಿಬಿಡುತ್ತಿತ್ತು. ಹೇಳದ ಊರಲ್ಲೂ ಇಳಿದಿದೆ, ಉಪ್ಪು ಬಿಟ್ಟರೂ ಬಿಡದಿದ್ದರೂ ಒಂದೇ ಎಂದು ಎಲ್ಲೋ ಯಾರೋ ಬರೆದುಬಿಡುತ್ತಿದ್ದರು. ಸಿಂಧು ಬೇವಿನ ಮರದಡಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

"ಎಷ್ಟು ಜನಕ್ಕೆ ಹೇಳಿದ್ರಿ?"

"ಒಬ್ಬರಿಗೆ ಸರ್. ಬಾಗಿಲಲ್ಲಿ."

ಆ ಕಡೆ ಡಾಕ್ಟರು ಕಾಗದ ತಿರುವಿದ ಸದ್ದು ಕೇಳಿಸಿತು.

"ಆ ಬೀದಿನ ಅಧ್ಯಯನದಿಂದ ತೆಗೀಬೇಕಾಗುತ್ತೆ ಸಿಂಧು. ಇದನ್ನ ನೋಡ್ಕೊಳ್ಳೋ ಸಮಿತಿಗೂ ನಾನು ತಿಳಿಸಬೇಕು. ಇನ್ಮೇಲೆ ನಿಮ್ಮನ್ನ ಅಳತೆಗೆ ಕಳಿಸೋ ಹಾಗಿಲ್ಲ."

"ಗೊತ್ತು ಸರ್."

ಈ ಕೆಲಸವನ್ನು ಅವಳು ತುಂಬ ಹಚ್ಚಿಕೊಂಡಿದ್ದಳು.

"ಮೈಕ್ ಕಟ್ಟಿ ಹೇಳಿದ ಊರುಗಳಲ್ಲೂ ಇಷ್ಟು ಇಳಿದಿಲ್ಲ ಕಣ್ರೀ." ಡಾಕ್ಟರ ದನಿ ಬೇರೆಯಾಗಿತ್ತು, ಗುಡಿಯೊಳಗೆ ಮಾತಾಡುವವರ ಹಾಗೆ ತಗ್ಗಿತ್ತು. "ಅಲ್ಲೇ ಇರಿ. ನಾನು ಬರ್ತೀನಿ. ಒಲೆ ಹಚ್ಚೋ ಹೊತ್ತಿಗೆ ಬಂದ್ರೆ ಅವರೆಲ್ಲ ಸಿಗ್ತಾರಾ?"

ಸಂಜೆ ಹೊಲದಿಂದ ಜನ ಮರಳಿದರು. ಹೊಗೆ ಎದ್ದಿತು. ನಾಗಮಣಿ ಗಂಡನ ಕಂಕುಳಿಗೆ ಕೈ ಕೊಟ್ಟು ಜಗಲಿಗೆ ಕರೆತಂದು ಕೂರಿಸಿದಳು. ಅವನು ಬಲಗಾಲನ್ನು ಎಳೆದುಕೊಂಡೇ ಬಂದ, ಆದರೆ ಬಂದ. ಆಮೇಲೆ ಸಿಂಧು ಬೆರಗಾಗಿ ನೋಡುತ್ತ ನಿಂತಳು. ಒಂದೊಂದು ಮನೆಯಿಂದಲೂ ಹೆಂಗಸರು ಬಟ್ಟಲಲ್ಲಿ ಬಿಸಿ ಸಾರು ಹಿಡಿದು ಬಂದರು. ಅವನು ಎಡಗೈಯ ಚಮಚದಿಂದ ಒಂದೊಂದನ್ನೂ ನಾಲಗೆಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ.

"ಬೆಳ್ಳುಳ್ಳಿ... ಸುಡ್ಬೇಕಾಗಿತ್ತು."

"ಇದ್ಕೆ ಕೊತ್ಮೀರಿ ಬೀಜ ಉರ್ದಿಲ್ಲ, ಅಂಗೇ ಅರ್ದಿದ್ದೀಯ. ಸೋಮಾರಿ."

"ಅಯ್ಯೋ ಮಾವ, ಕೂಸು ಅಳ್ತಿತ್ತು" ಎಂದು ಬೈಸಿಕೊಂಡವಳು ನಗುತ್ತ ಬಟ್ಟಲು ಹಿಡಿದು ಓಡಿದಳು. ಉಪ್ಪಿಲ್ಲದ ಸಾರಿಗೆ ರುಚಿ ತರುವುದು ಹೇಗೆಂದು ಬೀದಿಗೆ ಬೀದಿಯೇ ಅವನ ಮುಂದೆ ಕಲಿಯುತ್ತಿತ್ತು.

ಅವನು ಸಿಂಧುವನ್ನು ಕಂಡು ಚಮಚ ಆಡಿಸಿ ಕರೆದ. "ಬನ್ನಿ ಮೇಡಂ. ನೀವೂ ನೋಡಿ."

ಮರಿತಾಯಮ್ಮ ಅವರೆಕಾಳಿನ ಸಾರಿನ ಬಟ್ಟಲನ್ನು ಅವಳ ಕೈಗಿತ್ತಳು. ಸಿಂಧು ಒಂದು ಗುಟುಕು ಕುಡಿದಳು. ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಒಂದೊಂದೇ ತಲೆಯೆತ್ತಿತು: ಅವರೆಯ ಸೊನೆಯ ಘಮ, ಸುಟ್ಟ ಬೆಳ್ಳುಳ್ಳಿ, ಹುರಿದ ಕೊತ್ತಂಬರಿ, ಕೊನೆಗೆ ಮೆಣಸಿನ ಮೆಲ್ಲನೆಯ ಕಾವು. ಇಷ್ಟು ವರ್ಷ ಉಂಡ ಸಾರಿನಲ್ಲಿ ಇವೆಲ್ಲ ಎಲ್ಲಿದ್ದವು?

"ಏನ್ ಕಮ್ಮಿ ಅದೆ, ಯೋಳಿ" ಎಂದ ಚಿಕ್ಕಮಾದಯ್ಯ. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ಅವಳನ್ನೇ ನೋಡುತ್ತಿದ್ದರು.

ಸಿಂಧು ಇನ್ನೊಂದು ಗುಟುಕು ಕುಡಿದು, ಯೋಚಿಸಿ, ಮೆಲ್ಲಗೆ ಹೇಳಿದಳು. "ಹುಳಿ."

ಚಿಕ್ಕಮಾದಯ್ಯನ ಮುಖ ಒಂದೇ ಕಡೆಗೆ ಅರಳಿತು. "ನಾಗಮಣೀ," ಎಂದು ಒಳಗೆ ಕೂಗಿದ, "ಉಣ್ಸೆಣ್ಣು ತಕ್ಕಂಡ್ ಬಾ. ಮೇಡಂಗೆ ನಾಲ್ಗೆ ಬಂತು."