ಮೊಬೈಲಿನಲ್ಲಿ ಕಣ್ಣು ಬಿಟ್ಟ ವೀರಭದ್ರ

ವಾಟ್ಸಾಪ್ ಗುಂಪು ಮಾಡಿದವನು ನಾನು. ಹಾಗಾಗಿ ಅಲ್ಲಿ ನಾನು ಹೇಳಿದ್ದೇ ಕಾನೂನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಕೈಯಿಂದ ಚಿತ್ರ ಬರೆಯುವವರು ಯಾರ್ಯಾರು ಉಳಿದಿದ್ದಾರೋ ಅವರನ್ನೆಲ್ಲ ಹುಡುಕಿ ಸೇರಿಸಿ ‘ಕುಂಚ ಹಿಡಿದವರು’ ಎಂದು ಹೆಸರಿಟ್ಟೆ. ಸೇರಿಸಿದವನೂ ನಾನೇ, ತೆಗೆದವನೂ ನಾನೇ. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಿದ್ದವರನ್ನು ತೆಗೆದೆ. ಒಬ್ಬ ಕಂಪ್ಯೂಟರಿನಿಂದ ಮಾಡಿಸಿದ ನಂದಿಯನ್ನು ತಾನೇ ಬರೆದದ್ದು ಅಂತ ಹಾಕಿದ. ನಂದಿಗೆ ಐದು ಕಾಲಿದ್ದವು. ಅವನನ್ನು ತೆಗೆದೆ. ಅವನ ಪರವಾಗಿ ಮಾತಾಡಿದ ಅವನ ಷಡ್ಡಕನನ್ನೂ ತೆಗೆದೆ. ಆಮೇಲೆ ಒಂದು ನಿಯಮ ಹಾಕಿದೆ: ಯಾರೇ ಆಗಲಿ, ಮುಗಿದ ಚಿತ್ರ ಒಂದನ್ನೇ ಹಾಕುವಂತಿಲ್ಲ. ಕೆಲಸ ನಡೆಯುವಾಗ ಹಂತ ಹಂತದ ಫೋಟೋ ಹಾಕಬೇಕು. ಆಗ ಯಂತ್ರದ ಕಳ್ಳಾಟ ನಡೆಯುವುದಿಲ್ಲ.

ಆ ನಿಯಮ ಕೊನೆಗೆ ನನ್ನ ಕುತ್ತಿಗೆಗೇ ಬಂತು.

ಕಾನಹೊಸಹಳ್ಳಿ ಹತ್ತಿರ ನಮ್ಮೂರು. ನಮ್ಮದು ಗುಡಿಗೋಡೆಗೆ ದೇವರನ್ನು ಬರೆಯುವ ಮನೆ. ನಮ್ಮಲ್ಲಿ ದೇವರ ಕಣ್ಣು ಕೊನೆಗೆ. ಮೈ, ಉಡುಗೆ, ಖಡ್ಗ, ಮೀಸೆ ಎಲ್ಲ ಮುಗಿದ ಮೇಲೆ ಕಣ್ಣಿನ ಜಾಗ ಬರೀ ಬಿಳಿ ಬಿಟ್ಟಿರುತ್ತೇವೆ. ಒಂದು ಸೋಮವಾರ ಪೂಜೆ ಮಾಡಿ, ಮುಖದ ಎದುರು ಕನ್ನಡಿ ಹಿಡಿದು, ಅದರಲ್ಲೇ ನೋಡುತ್ತಾ ಕರಿಗುಡ್ಡೆ ಇಡಬೇಕು. ಉಗ್ರದೇವರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳಬೇಕು. ಇದಕ್ಕೆ ಕಣ್ಣು ಬಿಡಿಸುವುದು ಅನ್ನುತ್ತೇವೆ. ಇಷ್ಟು ವರ್ಷ ಆ ಕೆಲಸ ನನ್ನ ಸೋದರಮಾವ ಹನುಮಣ್ಣನದು. ಉಳಿದದ್ದೆಲ್ಲ ನನ್ನ ಕೈಯಲ್ಲಿ ತುಂಬಿಸಿ, ಕಣ್ಣಿಗೆ ಬಂದಾಗ “ಕೆಳಗಿಳಿ” ಅನ್ನುತ್ತಿದ್ದ. ನಾನು ಇಳಿಯುತ್ತಿದ್ದೆ. ಈ ಸಲ ಅವನ ಕೈ ನಡುಗುತ್ತಿತ್ತು. “ನಮ್ಮೂರ ವೀರಭದ್ರಗ ನೀನೇ ಬಿಡಿಸು” ಅಂದ. ಐವತ್ತರ ಹತ್ತಿರ ಬಂದ ಮೇಲೆ ನನಗೆ ಮೊದಲ ಕಣ್ಣು. ಖುಷಿಯಲ್ಲಿ ನಿದ್ದೆ ಬರಲಿಲ್ಲ.

ಶುಕ್ರವಾರ ಕಣ್ಣೊಂದು ಬಿಟ್ಟು ಎಲ್ಲ ಮುಗಿಯಿತು. ನನ್ನ ನಿಯಮ ನಾನೇ ಮುರಿಯಲಾದೀತೇ? ಫೋಟೋ ತೆಗೆದು ಗುಂಪಿಗೆ ಹಾಕಿ ಊಟಕ್ಕೆ ಕೂತೆ.

ರೊಟ್ಟಿ ಮುಗಿಯುವಷ್ಟರಲ್ಲಿ ಹಡಗಲಿಯ ಶಾಂಭವಿ ಉತ್ತರ ಹಾಕಿದ್ದಳು. ಈಕೆ ಮದುವೆಮನೆಯ ಗೋಡೆಗೆ ಚಿತ್ರ ಬರೆಯುವವಳು. ಕೈ ಚೆನ್ನಾಗಿದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ನಾನು ದೀಪದ ಕಾಡಿಗೆಯ ಕಪ್ಪೇ ಕಪ್ಪು ಅಂದರೆ ಆಕೆ ಅಂಗಡಿಯಲ್ಲಿ ಸಿಗುವ ಬಾಟಲಿಯ ಕಪ್ಪು ಅನ್ನುವಳು. ನಮ್ಮಿಬ್ಬರ ಜಗಳ ಓದುವುದಕ್ಕೇ ಕೆಲವರು ಗುಂಪಿನಲ್ಲಿ ಉಳಿದಿದ್ದರು. ನಾನು ಹಾಕಿದ ಫೋಟೋದ ಮೇಲೆ ಬೆರಳಿನಿಂದ ಎರಡು ಕಣ್ಣು ಗೀಚಿ ಕಳಿಸಿದ್ದಳು. ಕೆಳಗೆ, “ಅಣ್ಣಾ, ಕಣ್ಣು ಮರೆತ್ರಿ. ನಾನು ಹಾಕೀನಿ ನೋಡ್ರಿ.”

ಕೈಗೆ ಮೆತ್ತಿದ ಪಲ್ಯವನ್ನೂ ತೊಳೆಯದೆ ಆಕೆಯನ್ನು ಗುಂಪಿನಿಂದ ತೆಗೆದೆ.

ತೆಗೆದರೆ ಮನುಷ್ಯರು ಹೋಗುತ್ತಾರೆ, ಅವರು ಕಳಿಸಿದ್ದು ಹೋಗುವುದಿಲ್ಲ. ಗುಡಿಯ ಪೂಜಾರಿ ಅಜ್ಜಯ್ಯನನ್ನೂ ಗುಂಪಿಗೆ ಸೇರಿಸಿದ್ದೆ. ಕೆಲಸ ಎಲ್ಲಿಗೆ ಬಂತು ಎಂದು ದಿನಾ ಮನೆಗೆ ಬಂದು ತಲೆ ತಿನ್ನುತ್ತಿದ್ದನಲ್ಲ, ಅದಕ್ಕೆ. ಸಂಜೆ ಅವನೇ ಬಂದ. ಮುಖ ಸಪ್ಪಗಿತ್ತು.

“ಬೊಮ್ಮಪ್ಪ, ದೇವ್ರು ಕಣ್ಣು ಬಿಟ್ಟಾನ.”

“ಎಲ್ಲಿ ಬಿಟ್ಟಾನ್ರಿ? ಗೋಡಿ ಮ್ಯಾಲೆ ಬರೇ ಬಿಳಿ ಐತಿ.”

“ಮೊಬೈಲಿನಾಗ ಬಿಟ್ಟಾನ. ನಮ್ಮ ಮೈಲಮ್ಮ ಆರತಿ ಮಾಡಿ ಕಾಯಿ ಒಡದಾಳ.” ಮೈಲಮ್ಮ ಅವನ ಹೆಂಡತಿ.

“ಅದು ಯಾರೋ ಆಟಕ್ಕ ಗೀಚಿದ್ದು ಸ್ವಾಮಿ!”

“ಆಟಕ್ಕ ಹಚ್ಚಿದ ಬೆಂಕಿ ಸುಡಂಗಿಲ್ಲೇನು? ಒಬ್ಬ ದೇವ್ರಿಗೆ ಇಬ್ಬರು ಕಣ್ಣು ಬಿಡಿಸಂಗಿಲ್ಲ. ಆ ಹೆಣ್ಮಗಳು ಯಾರು, ಕರಸು. ಬಿಡಿಸಿದ ಕೈಯೇ ಗೋಡಿ ಮ್ಯಾಲೂ ಇಡಬೇಕು. ಅದೇ ಕಣ್ಣು ಇಡಬೇಕು.”

ಕೂಗಾಡಿದೆ. ಅಜ್ಜಯ್ಯ ಕೂಗಾಡುವವನಲ್ಲ, ಕೇಳಿಸಿಕೊಂಡು ಎದ್ದು ಹೋಗುವವನು. ಎದ್ದು ಹೋದ. ಇಷ್ಟು ವರ್ಷ ಮಾವ “ಕೆಳಗಿಳಿ” ಅಂದಾಗ ಇಳಿದೆ, ಈಗ ಮೊಬೈಲಿನಲ್ಲಿ ಗೀಚಿದವಳಿಗಾಗಿ ಇಳಿಯಬೇಕೇ?

ಅಷ್ಟರಲ್ಲಿ ಹರಪನಹಳ್ಳಿಯಿಂದ ದಾವಲ್ ಸಾಬ್ ಫೋನ್ ಮಾಡಿದ. ಲಾರಿಗಳ ಹಿಂದೆ ನವಿಲು, ಹುಲಿ ಬರೆಯುತ್ತಾನೆ. ಮೊಹರಂ ಬಂದರೆ ಗಂಡಸರ ಮೈಮೇಲೆಯೇ ಹುಲಿ ಬರೆಯುತ್ತಾನೆ. ನನ್ನ ಹಳೆಯ ಗೆಳೆಯ.

“ಲೇ ಬೊಮ್ಮ, ಆ ಕಣ್ಣು ಹಾಕಿದ ಚಿತ್ರ ಮೊದಲು ನೋಡಿದಾಂವ ನಾನಪ. ನಿಮ್ಮ ದೇವ್ರ ಮೊದಲ ನೋಟ ನನ್ನ ಮ್ಯಾಲೆ ಬಿದ್ದಂಗಾತು.”

“ಏನಾತು ನಿನಗ?”

“ಮಧ್ಯಾಹ್ನದಿಂದ ಮೂರು ಲಾರಿ ಬಂದು ನಿಂತಾವ. ಉಣ್ಣಾಕ ಪುರಸೊತ್ತಿಲ್ಲ.”

“ಮತ್ತ್ಯಾಕ ಅಂಜತಿ?”

“ಅಂಜಿಕಿ ಅಲ್ಲಲೇ. ಅಂಥಾವು ಇನ್ನೊಂದೆರಡು ಕಳಿಸು ಅಂತ.”

ಫೋನ್ ಇಟ್ಟುಬಿಟ್ಟೆ.

ಭಾನುವಾರದವರೆಗೆ ಹಲ್ಲು ಕಚ್ಚಿ ಕೂತೆ. ಅಜ್ಜಯ್ಯ ಬಗ್ಗಲಿಲ್ಲ. ಕೊನೆಗೆ ಶಾಂಭವಿಗೆ ಫೋನ್ ಮಾಡಿದೆ.

“ಯಾರು ಮಾತಾಡೋದು?”

“ನಾನು, ಬೊಮ್ಮಪ್ಪ.”

“ಯಾವ ಬೊಮ್ಮಪ್ಪ? ನಾನಿರೋ ಗುಂಪಿನಾಗ ಆ ಹೆಸರಿನವರು ಯಾರೂ ಇಲ್ಲಲ್ಲ.”

ವಿಷಯ ಹೇಳಿದೆ. “ಗೋಡಿ ದೊಡ್ಡದೇನ್ರಿ?” ಅಂದಳು. ದನಿಯಲ್ಲೇ ಗೊತ್ತಾಯಿತು, ಆಸೆ ಆಕೆಗೂ ಹುಟ್ಟಿತ್ತು. “ಬರ್ತೀನಿ. ಆದ್ರ ಮೊದಲು ನನ್ನನ್ನ ಸೇರಿಸ್ರಿ. ಎಲ್ಲರ ಮುಂದ ತೆಗದೀರಿ, ಎಲ್ಲರ ಮುಂದ ಕರೀರಿ.”

ಸೇರಿಸಿದೆ. “ಶಾಂಭವಿಯವರು ದಯಮಾಡಿ ಬಂದು ಕಣ್ಣು ಬಿಡಿಸಿಕೊಡಬೇಕು” ಎಂದು ಒಂದೊಂದೇ ಅಕ್ಷರ ಒತ್ತಿದೆ. ದಾವಲ್ ಸಾಬ್ ಸಾಲುಗಟ್ಟಿ ನಗುವ ಮುಖ ಕಳಿಸಿದ. ಅವನನ್ನೂ ತೆಗೆಯಲು ಬೆರಳು ಹೋಗಿತ್ತು, ತಡೆದುಕೊಂಡೆ.

ಸೋಮವಾರ ಬೆಳಿಗ್ಗೆ ಶಾಂಭವಿ ರೇಷ್ಮೆ ಸೀರೆ ಉಟ್ಟು ಬಸ್ಸಿಳಿದಳು. ಊರೇ ಗುಡಿ ಮುಂದೆ ಸೇರಿತ್ತು. ಅಜ್ಜಯ್ಯ ತನ್ನ ಫೋನನ್ನು ಮಣೆಯ ಮೇಲೆ ಇಟ್ಟು ವಿಭೂತಿ ಹಚ್ಚಿ ಹೂವೇರಿಸಿದ್ದ. ನನ್ನ ಕೈಗೆ ಕನ್ನಡಿ ಕೊಟ್ಟ. ಕುಂಚ ಆಕೆಗೆ, ಕನ್ನಡಿ ನನಗೆ! ಮೈ ಉರಿಯುತ್ತಿತ್ತು. ಆಕೆ ಸೆರಗು ಸಿಕ್ಕಿಸಿ, ಎರಡೂ ಬದಿ ಮೆಟ್ಟಿಲಿದ್ದ ಏಣಿ ಹತ್ತಿ ವೀರಭದ್ರನ ಮುಖದ ಸಮಕ್ಕೆ ನಿಂತಳು. ಬಿಳಿ ಬಿಟ್ಟ ಜಾಗ ನೋಡಿದಳು. ತಿರುಗಿ ಕೆಳಗೆ ನೋಡಿದಳು. ಮತ್ತೆ ಗೋಡೆ ನೋಡಿದಳು.

“ಯಾಕ, ಕೈ ಬರವಲ್ದೇನು?” ಅಂದೆ.

“ಸುಮ್ನಿರ್ರಿ ಅಣ್ಣಾ. ಅಜ್ಜಯ್ಯನೋರೆ, ನಾನು ಇದನ್ನ ಮಂಚದ ಮ್ಯಾಲೆ ಕುಂತು, ಫೋನ್ ತೊಡಿ ಮ್ಯಾಲೆ ಇಟ್ಕೊಂಡು ಗೀಚೀನ್ರಿ. ಗುಡ್ಡಿ ಕೆಳಗ ಬಿದ್ದಾವ, ಅದೂ ಎಡಕ್ಕ. ಇದನ್ನೇ ಗೋಡಿಗಿಟ್ರ ದೇವ್ರು ಅಲ್ಲಿ ನೋಡ್ತಾನ.” ಕುಂಚ ಚಾಚಿ ತೋರಿಸಿದಳು.

ಎಲ್ಲರೂ ಅತ್ತ ತಿರುಗಿದರು. ಅಲ್ಲಿ ಊರವರ ಚಪ್ಪಲಿಗಳು ರಾಶಿ ಬಿದ್ದಿದ್ದವು.

“ಒಳ್ಳೇದಾತಲ್ಲ,” ಅಂದ ಹಿಂದಿನಿಂದ ಒಬ್ಬ. “ಇನ್ನ ಮ್ಯಾಲೆ ಚಪ್ಪಲಿ ಕಳುವಾಗಂಗಿಲ್ಲ.”

ಅಜ್ಜಯ್ಯನಿಗೆ ನಗು ಬರಲಿಲ್ಲ. “ಹೆಂಗ ಬಿಟ್ಟಾನೋ ಹಂಗ ಇಡವ್ವ. ನಾವು ತಿದ್ದಂಗಿಲ್ಲ.”

“ನಾ ಇಡಂಗಿಲ್ರಿ. ನಾಳೆ ಐದೂ ತಾಲೂಕಿನ್ಯಾಗ ಚಪ್ಪಲಿ ಕಾಯೋ ವೀರಭದ್ರನ್ನ ಬರದಾಕಿ ಅಂತ ನನಗ ಹೆಸರು ಬರ್ತೈತಿ.”

“ಹಂಗಾರ ಗೀಚಿದ್ದು ಯಾಕ?” ಅಂತ ನಾನು ಕೂಗಿದೆ.

“ನೀವು ಕಣ್ಣಿಲ್ಲದ್ದು ಹಾಕಿದ್ದು ಯಾಕ?” ಅಂತ ಆಕೆ ಏಣಿ ಮೇಲಿಂದಲೇ ಕೂಗಿದಳು. “ನಿಮ್ಮ ನಿಯಮ ನಿಮಗ ದೊಡ್ಡದು! ಸ್ವಾಮೇರ, ನಾ ಒಂದು ಕೇಳ್ತೀನಿ. ಕಣ್ಣು ಬಿಟ್ಟ ದೇವ್ರಾದ್ರ ಮೊದಲು ಕನ್ನಡಿ ನೋಡ್ಬೇಕೋ ಬ್ಯಾಡೋ? ಆ ಫೋನಿಗೆ ಕನ್ನಡಿ ಹಿಡೀರಿ. ನೋಡಿದ್ರ ನೀವು ಹೇಳಿದಂಗ ಕೇಳ್ತೀನಿ.”

ಅಜ್ಜಯ್ಯ ಯೋಚಿಸಿದ. ಪದ್ಧತಿಯ ಪ್ರಕಾರ ಮಾತು ಸರಿಯಿತ್ತು. ಫೋನು ಎತ್ತಿ, ಒತ್ತಿ, ಚಿತ್ರ ತೆರೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಕನ್ನಡಿಯ ಮುಂದೆ ತಂದ. ಎಲ್ಲರೂ ಕತ್ತು ಚಾಚಿದರು. ಕನ್ನಡಿಯೊಳಗೂ ದೇವರು ನೆಲವನ್ನೇ ನೋಡುತ್ತಿದ್ದ. ಹಾಗೆ ನೋಡುತ್ತಿದ್ದಂತೆ ಫೋನಿನ ಬೆಳಕು ಮೊದಲು ಮಂಕಾಯಿತು, ಆಮೇಲೆ ಪೂರ್ತಿ ಕಪ್ಪಾಯಿತು.

“ಕಣ್ಣು ಮುಚ್ಚಿದ!” ಅಂದಳು ಮೈಲಮ್ಮ.

“ಮುಟ್ಟಿದ್ರ ಮತ್ತ ಬಿಡ್ತಾನ,” ಅಂತ ಅಜ್ಜಯ್ಯ ಬೆರಳು ಎತ್ತಿದ.

ಮೈಲಮ್ಮ ಆ ಕೈಗೆ ಪಟ್ ಅಂತ ಹೊಡೆದಳು. “ಮಲಗಿದ ದೇವ್ರನ್ನ ತಿವಿದು ಎಬ್ಬಿಸ್ತೀರೇನು? ಪೂಜಾರ್ಕಿ ಮಾಡೋರು ನೀವೇನಾ?” ಫೋನು ಕಿತ್ತುಕೊಂಡು ಅಲ್ಲೇ ಕೂತು ಮಡಿಲಲ್ಲಿ ಇಟ್ಟು ಸೆರಗು ಹೊದಿಸಿದಳು.

ಊರೆಲ್ಲ ಅಜ್ಜಯ್ಯನ ಮುಖ ನೋಡಿತು. ಚಪ್ಪಲಿ ನೋಡುವ ದೇವರಿಗೆ ಜೀವಮಾನವಿಡೀ ಪೂಜೆ ಮಾಡುವ ಭಯ ಅವನಿಗೂ ಇತ್ತು. “ತಾನಾಗೇ ಮುಚ್ಚಿದಾನಂದ್ರ ಮತ್ತ ಬಿಡಿಸಾಕ ಅಡ್ಡಿ ಇಲ್ಲ,” ಅಂದ. “ಆದ್ರ ಏಳೋದ್ರೊಳಗ ಆಗಬೇಕು. ಬೊಮ್ಮಪ್ಪ, ಹತ್ತು!”

ಶಾಂಭವಿ ಇಳಿದಳು. ಕುಂಚ ನನಗೆ ಕೊಟ್ಟಳು, ಕನ್ನಡಿ ತಾನು ತೆಗೆದುಕೊಂಡಳು, ಒಂದು ಕ್ಷಣ ಕುಂಚವನ್ನೇ ನೋಡಿದಳು. ಏಣಿಯ ಇನ್ನೊಂದು ಬದಿ ಹತ್ತಿ, ಮುಖ ತಿರುಗಿಸಿ ನಿಂತು ಕನ್ನಡಿ ಹಿಡಿದಳು. ನಾನು ಕಾಡಿಗೆಯಲ್ಲಿ ಕುಂಚ ಅದ್ದಿ ಬಲಗಣ್ಣಿಗೆ ಇಟ್ಟೆ. ಸರಿಯಾಗಿ ಕೂತಿತು. ಆಗಲೇ ಮೈಲಮ್ಮನ ಮಡಿಲಲ್ಲಿ ಫೋನು ಬಡಿದುಕೊಳ್ಳತೊಡಗಿತು. ದಾವಲ್ ಸಾಬನೇ ಇರಬೇಕು, ಏನಾಯಿತು ಅಂತ ಕೇಳಲು.

“ಎದ್ನೇನ?” ಅಂದ ಅಜ್ಜಯ್ಯ.

“ಇಲ್ರೀ, ಕನವರಿಸಾಕತ್ಯಾನ,” ಅಂತ ಮೈಲಮ್ಮ ಫೋನನ್ನು ತಟ್ಟುತ್ತಾ ತೊಡೆ ಅಲ್ಲಾಡಿಸಿದಳು. “ಮಲಗಪ್ಪ ತಂದಿ, ಮಲಗು. ಬೊಮ್ಮಪ್ಪ, ಲಗೂ ಮಾಡೋ!”

ಎಡಗಣ್ಣು ಇಟ್ಟೆ. ಕುಂಚ ತೆಗೆದೆ. ವೀರಭದ್ರ ನೆಟ್ಟಗೆ ನೋಡಿದ. ಕೆಳಗೆ ಕುಂಬಳಕಾಯಿ ಒಡೆದರು, ಗಂಟೆ ಬಾರಿಸಿದರು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ. ನನಗೆ ಏಣಿ ಇಳಿಯಲು ಕಾಲೇ ಬರಲಿಲ್ಲ.

ಊಟವಾದ ಮೇಲೆ ಶಾಂಭವಿಯನ್ನು ಬಸ್ಸಿಗೆ ಬಿಡಲು ಹೋದೆ. ದಾರಿಯಲ್ಲಿ ಅಂದಳು, “ಎಡಗಣ್ಣು ಎಳ್ಳಷ್ಟು ದೊಡ್ಡದಾಗೈತಿ.”

“ನೀ ಕನ್ನಡಿ ಅಲ್ಲಾಡಿಸಿದಿ.”

“ನೀವು ನಡುಗ್ತಿದ್ರಿ. ಏಣಿ ಅಲ್ಲಾಡಿ ಕನ್ನಡಿ ಅಲ್ಲಾಡ್ತು.”

“ನಾ ನಡುಗೋ ಪೈಕಿ ಅಲ್ಲ.”

“ಬಾಟಲಿ ಕಪ್ಪಾಗಿದ್ರ ಹರಡ್ತಿದ್ದಿಲ್ಲ.”

ಬಸ್ಸು ಬರುವವರೆಗೂ ಕಚ್ಚಾಡಿದೆವು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ “ಎಡಗಣ್ಣು!” ಅಂತ ಕೂಗಿದಳು. ರಸ್ತೆಯಲ್ಲಿದ್ದವರೆಲ್ಲ ನನ್ನ ಎಡಗಣ್ಣು ನೋಡಿದರು.

ಮನೆಗೆ ಹೋಗದೆ ಸೀದಾ ಗುಡಿಗೆ ಹೋದೆ. ಯಾರೂ ಇರಲಿಲ್ಲ. ಆ ತುದಿಯಿಂದ ನೋಡಿದೆ, ಈ ತುದಿಯಿಂದ ನೋಡಿದೆ, ಹತ್ತಿರ ಹೋಗಿ ನೋಡಿದೆ. ಎಳ್ಳಷ್ಟು ದೊಡ್ಡದಾಗಿತ್ತು, ನಿಜ. ಸಿಟ್ಟಿನ ದೇವರಿಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ಆಕೆಗೆ ಮಾತ್ರ ಹೇಳಲಿಲ್ಲ.