ಇಲಿಗಳ ಮಾರುಕಟ್ಟೆ ಬೆಲೆ

ಆ ಕಂಪನಿಯಲ್ಲಿ ಔಷಧಿ ಇನ್ನೂ ತಯಾರಾಗಿರಲಿಲ್ಲ, ಲಾಭ ಮಾತ್ರ ತಯಾರಾಗಿಬಿಟ್ಟಿತ್ತು. ತಯಾರಿಸಿದವಳು ಲೆಕ್ಕ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇದ್ದವಳು ಅವಳೊಬ್ಬಳೇ, ಹಾಗಾಗಿ ಮುಖ್ಯಸ್ಥೆಯಾಗಲು ಯಾರ ಅಡ್ಡಿಯೂ ಇರಲಿಲ್ಲ. ಎಲ್ಲರೂ ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಕಂಪನಿ ಕಟ್ಟಿದ ವಿಜ್ಞಾನಿ ಅವಳ ಒಡಹುಟ್ಟಿದ ಅಣ್ಣ.

ಅಣ್ಣ ಮಾಡಹೊರಟಿದ್ದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಒಂದು ಮುಲಾಮು. ಆಸ್ಪತ್ರೆಯಲ್ಲಿ ಅಮ್ಮನ ಹೆಬ್ಬೆರಳು ಕತ್ತರಿಸಿ ತೆಗೆದ ದಿನ ಅವನ ತಲೆಗೆ ಹೊಕ್ಕ ಹುಳ ಅದು. ಮುಲಾಮನ್ನು ಮೊದಲು ಇಲಿಗಳ ಮೇಲೆ ಪರೀಕ್ಷಿಸಬೇಕು. ಅದಕ್ಕೆ ಗಲ್ಲಿಯ ಇಲಿ ಆಗದು, ಹುಟ್ಟುತ್ತಲೇ ಸಕ್ಕರೆ ಕಾಯಿಲೆ ಹೊತ್ತು ಬರುವ ವಿಶೇಷ ತಳಿಯೇ ಆಗಬೇಕು. ಒಂದೊಂದು ಇಲಿಯ ಬೆಲೆ ಕೇಳಿದರೆ ಬೆಕ್ಕು ಕೂಡ ಹಿಂದೆ ಸರಿದೀತು.

ಕಂಪನಿ ಶುರುವಾದ ವರ್ಷ, ಲೆಕ್ಕಪತ್ರದ ಜೊತೆಗೆ ಲೆಕ್ಕವನ್ನು ಯಾವ ನೀತಿಯಂತೆ ಬರೆದಿದ್ದೇವೆ ಎಂಬ ಟಿಪ್ಪಣಿಯನ್ನೂ ಕೊಡಬೇಕಾಗಿ ಬಂತು. ಇದನ್ನು ಹೊಸದಾಗಿ ಬರೆದವರನ್ನು ಲೋಕದಲ್ಲಿ ಯಾರೂ ಕಂಡಿಲ್ಲ. ಎಲ್ಲರೂ ಇನ್ನೊಬ್ಬರದ್ದನ್ನು ನಕಲು ಮಾಡುವವರೇ. ಲೆಕ್ಕದಮ್ಮ ಹಿಂದೆ ಕೆಲಸ ಮಾಡಿದ್ದು ಕೋಳಿ ಸಾಕುವ ಕಂಪನಿಯಲ್ಲಿ. ಅಲ್ಲಿಯ ಟಿಪ್ಪಣಿಯನ್ನು ತಂದು, ಕೋಳಿ ಎಂದಿದ್ದಲ್ಲೆಲ್ಲ ಇಲಿ ಎಂದು ಬರುವಂತೆ ಕಂಪ್ಯೂಟರಿಗೆ ಹೇಳಿ, ಊಟಕ್ಕೆ ಹೋದಳು. ಅವಳು ವಾಪಸು ಬರುವಷ್ಟರಲ್ಲಿ ನೀತಿ ಸಿದ್ಧವಾಗಿತ್ತು: ವರ್ಷದ ಕೊನೆಯ ದಿನ ಇಲಿಗಳನ್ನು ಮಾರುಕಟ್ಟೆ ಬೆಲೆಗೆ ಕಂಪನಿಯ ಆಸ್ತಿಯೆಂದು ತೋರಿಸಲಾಗುವುದು, ಅವು ಹೆಚ್ಚಿದರೆ ಹೆಚ್ಚಿದ್ದನ್ನು ಲಾಭಕ್ಕೆ ಸೇರಿಸಲಾಗುವುದು. ಮೊಟ್ಟೆ ಇಡುವ ಇಲಿಗಳನ್ನು ಪ್ರತ್ಯೇಕವಾಗಿ ತೋರಿಸಲಾಗುವುದು ಎಂಬ ಸಾಲೂ ಅದರಲ್ಲಿತ್ತು. ನಿರ್ದೇಶಕರು ಓದಿ ಸಹಿ ಹಾಕಿದರು. ಆಡಿಟರು ಓದಿ ಮೊಹರು ಒತ್ತಿದರು. ಓದಿದರು ಎಂದು ನಾವು ಮರ್ಯಾದೆಗೆ ಹೇಳಬೇಕು.

ಆಗ ಇದ್ದದ್ದು ನಾಲ್ಕೈದು ಪಂಜರ ಇಲಿ. ಯಾರಿಗೂ ಏನೂ ಅನ್ನಿಸಲಿಲ್ಲ.

ದುಡ್ಡು ಹಾಕಿದವರು ಚೇರ್ಮನ್ನರು, ನೆಲದ ಟೈಲ್ಸ್ ಮಾರಿ ಮೇಲೆ ಬಂದವರು. ಟೈಲ್ಸ್ ಈ ವಾರ ಸುಟ್ಟರೆ ಮುಂದಿನ ವಾರ ಲಾರಿಗೆ ಏರುತ್ತದೆ, ಮುಲಾಮಿಗೇನು ಧಾಡಿ ಎಂಬುದು ಅವರ ನೇರವಾದ ಪ್ರಶ್ನೆ. "ಈ ವರ್ಷಾನೂ ನಷ್ಟ ಅಂದ್ರೆ ಬೀಗ ಹಾಕ್ಬಿಡೋಣ. ನನ್ನ ಹೆಂಡ್ತಿಗೆ ಮುಖ ತೋರ್ಸೋಕಾಗ್ತಿಲ್ಲ," ಎಂದು ಅವರು ಸಭೆಯಲ್ಲೇ ಹೇಳಿದ್ದರು.

ಆ ವರ್ಷ ಪರೀಕ್ಷೆಗೆ ಸರ್ಕಾರದ ಸಮಿತಿಯ ಅನುಮತಿ ಬರಲಿಲ್ಲ. ಮರಿ ಹಾಕಲು ಇಲಿಗಳಿಗೆ ಯಾವ ಸಮಿತಿಯ ಅನುಮತಿಯೂ ಬೇಕಿರಲಿಲ್ಲ. ಇಲಿಮನೆ ನೋಡಿಕೊಳ್ಳುವ ಹೆಂಗಸು, ಎಲ್ಲರ ಬಾಯಲ್ಲಿ ಇಲಿಯಮ್ಮ, ಪರೀಕ್ಷೆ ಇನ್ನೇನು ಶುರುವಾಗುತ್ತದೆಂದು ಜೋಡಿ ಹಾಕಿದ್ದೇ ಹಾಕಿದ್ದು. ಪಂಜರಗಳು ಕಾರಿಡಾರಿಗೆ ಬಂದವು, ಕಾರಿಡಾರಿನಿಂದ ಸಭೆಯ ಕೋಣೆಗೆ ಬಂದವು. ವರ್ಷದ ಕೊನೆಗೆ ಲೆಕ್ಕದಮ್ಮ ಇಲಿಗಳಿಗೆ ಮಾರುಕಟ್ಟೆ ಬೆಲೆ ಕಟ್ಟಿ ನೋಡುತ್ತಾಳೆ, ಕಂಪನಿಗೆ ಲಾಭ!

ಅವಳು ಟಿಪ್ಪಣಿಯನ್ನು ತೆಗೆದು ಮತ್ತೆ ಓದಿದಳು. ಕೋಳಿ ಮಾರುವವರಿಗೆ ಕೋಳಿ ಆಸ್ತಿ, ಸರಿ. ಇಲಿಯನ್ನು ಮಾರದೆ ಪರೀಕ್ಷೆಗೆ ಬಳಸುವವರಿಗೆ ಅದು ಹತ್ತಿ, ಬ್ಯಾಂಡೇಜಿನ ಹಾಗೆ ಖರ್ಚಿನ ಸಾಮಾನು. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆಡಿಟರ ಬಳಿ ಓಡಿದಳು.

"ಹೋದ ವರ್ಷಾನೂ ಇದೇ ನೀತಿ ಅಲ್ವೇನಮ್ಮಾ?" ಎಂದರು ಆಡಿಟರು.

"ಹೌದು ಸಾರ್, ಆದ್ರೆ ಇಲಿ..."

"ನೀತೀನ ವರ್ಷಕ್ಕೊಂದ್ಸಲ ಬದಲಾಯಿಸ್ಬಾರ್ದು. ಇಲಿನೋ ಹುಲಿನೋ, ಮುಖ್ಯ ಅಲ್ಲ."

ಅವಳು ಬಾಯಿ ಮುಚ್ಚಿಕೊಂಡು ಬಂದಳು. ನಿಜ ಹೇಳಬೇಕೆಂದರೆ ಅವಳ ಹೊಟ್ಟೆ ತಣ್ಣಗಾಗಿತ್ತು. ಕಂಪನಿಗೆ ಬೀಗ ಬೀಳುವುದಿಲ್ಲ, ಅಣ್ಣನ ಮುಲಾಮು ಉಳಿಯಿತು. ತಪ್ಪು ಅಂತ ಆಗಿದ್ದರೆ ಒಳ್ಳೆಯ ಕಡೆಗೇ ಆಗಿದೆ ಎಂದುಕೊಂಡಳು.

ಚೇರ್ಮನ್ನರು ಲಾಭದ ಅಂಕಿಯನ್ನು ಎರಡೆರಡು ಸಲ ಓದಿಸಿ ಕೇಳಿದರು. ಬ್ಯಾಂಕಿನವರಿಗೆ ಹೇಳಿದರು, ಪೇಪರಿನವರನ್ನು ಕರೆಸಿ ಫೋಟೋ ತೆಗೆಸಿಕೊಂಡರು. ಹೆಂಡತಿಗೆ ಹೇಳಿದ್ದನ್ನಂತೂ ಹೇಳುವುದೇ ಬೇಡ.

ಅದಾದ ಮೇಲೆ ಸಮಿತಿಯ ಅನುಮತಿ ಬಂತು. ಅಣ್ಣ ಕುಣಿಯುವುದೊಂದು ಬಾಕಿ. ಅರ್ಧ ಇಲಿಮನೆಯಷ್ಟು ಇಲಿಗಳನ್ನು ಪರೀಕ್ಷೆಗೆ ಕೊಡಿ ಎಂದು ಕೇಳಿದ. ಕೇಳುವುದೇಕೆ, ಅವನದೇ ಇಲಿಗಳಲ್ಲವೇ ಎಂದರೆ, ಅಷ್ಟು ಬೆಲೆಯ ಆಸ್ತಿಯನ್ನು ಮುಟ್ಟಲು ನಿರ್ದೇಶಕರ ಒಪ್ಪಿಗೆ ಬೇಕಿತ್ತು. ಆ ಸಾಲೂ ಕೋಳಿ ಕಂಪನಿಯದ್ದೇ.

"ಪರೀಕ್ಷೆ ಆದ್ಮೇಲೆ ಇಲಿಗಳು ಏನಾಗ್ತವೆ?" ಎಂದರು ನಿರ್ದೇಶಕರ ಸಭೆಯಲ್ಲಿ ಚೇರ್ಮನ್ನರು.

"ಸಾಯಿಸ್ತೀವಿ. ಒಳಗಡೆ ಗಾಯ ಹೇಗೆ ಮಾಗಿದೆ ಅಂತ ನೋಡ್ಬೇಕಲ್ಲ," ಎಂದ ಅಣ್ಣ.

"ಲಾಭಾನ ಸಾಯಿಸ್ತೀಯಾ? ತಲೆ ನೆಟ್ಟಗಿದ್ಯೇನಪ್ಪಾ?"

ಅಣ್ಣ ತಂಗಿಯ ಮುಖ ನೋಡಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು, ಕೋಳಿಯಿಂದ ಹಿಡಿದು ಮೊಟ್ಟೆಯವರೆಗೆ ಎಲ್ಲವನ್ನೂ ಹೇಳಿದಳು. ನೀತಿಯೇ ತಪ್ಪು, ಲಾಭ ಎಂಬುದು ಇಲ್ಲವೇ ಇಲ್ಲ, ಇರುವುದು ಇಲಿ ಮಾತ್ರ ಎಂದಳು.

ಚೇರ್ಮನ್ನರು ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ನೋಡಮ್ಮಾ, ಪೇಪರಲ್ಲಿ ಬಂದಾಗಿದೆ. ಆಡಿಟರ ಮೊಹರು ಬಿದ್ದಾಗಿದೆ. ಈಗ ಬಂದು ಲಾಭ ಇಲ್ಲ ಅಂದ್ರೆ ಅದು ಸುಳ್ಳಾಗುತ್ತೆ. ನೀನು ಸುಳ್ಳು ಹೇಳ್ಬಾರ್ದು."

"ಹಂಗಾದ್ರೆ ಇಲಿಗಳನ್ನ ಏನು ಮಾಡ್ಬೇಕು ಅಂತೀರಿ?" ಎಂದು ಅಣ್ಣ ಮೇಜು ಗುದ್ದಿದ.

"ಅವಳನ್ನೇ ಕೇಳು. ನೀತಿ ಬರೆದೋಳು ಅವಳು."

ಲೆಕ್ಕದಮ್ಮ ಲೆಕ್ಕದ ಪುಸ್ತಕ ತೆರೆದು ನೋಡಿದಳು. "ಪರೀಕ್ಷೆಗೆ ಬಳಸಿದ್ರೆ ಅಷ್ಟೂ ನಷ್ಟಕ್ಕೆ ಹೋಗುತ್ತೆ," ಎಂದಳು. "ಮಾರಿದ್ರೆ ನಷ್ಟ ಇಲ್ಲ."

ಆ ಮಾತನ್ನು ಆಡಬಾರದಿತ್ತೆಂದು ಅವಳಿಗೆ ಆಡಿದ ಕೂಡಲೇ ಅನ್ನಿಸಿತು. ಅಣ್ಣ ಸುಮ್ಮನಾಗಿಬಿಟ್ಟಿದ್ದ. ಚಿಕ್ಕಂದಿನಲ್ಲಿ ಗೋಡೆ ಹಾರುವ ಮೊದಲು ಹೀಗೇ ಸುಮ್ಮನಾಗುತ್ತಿದ್ದ.

ವಾರ ಕಳೆಯುವುದರೊಳಗೆ ಅವನು ಅವಳ ಕೋಣೆಗೆ ಬಂದು ಮೇಜಿನ ತುದಿಯಲ್ಲಿ ಕೂತ. "ಒಂದು ಬಿಲ್ ಮಾಡಮ್ಮಾ. ಇಲಿ ತಗೊಳ್ಳೋಕೆ ಗಿರಾಕಿ ಸಿಕ್ಕಿದಾನೆ."

"ಯಾರು?"

"ನಾನೇ."

"ನಿನ್ನ ಹತ್ರ ದುಡ್ಡೆಲ್ಲಿತ್ತೋ ಅಣ್ಣಾ?"

"ಷೇರು ಇದ್ವಲ್ಲ. ಅಷ್ಟನ್ನೂ ಚೇರ್ಮನ್ನರಿಗೆ ಕೊಟ್ಟೆ. ಲಾಭದಲ್ಲಿರೋ ಕಂಪನಿ ನೋಡು, ಒಳ್ಳೆ ರೇಟ್ ಬಂತು. ಎಲ್ಲಾ ನಿನ್ನ ಇಲಿಗಳ ಪುಣ್ಯ." ಅವನು ನಿಜವಾಗಿಯೂ ಖುಷಿಯಾಗಿದ್ದ. ಅದನ್ನು ನೋಡುವುದೇ ಅವಳಿಗೆ ಕಷ್ಟವಾಯಿತು.

"ಅಷ್ಟನ್ನೂ ಯಾಕೆ ಕೊಟ್ಟೆ? ನಾಳೆ ಮುಲಾಮು ಗೆದ್ರೆ ನಿಂಗೇನುಳಿಯುತ್ತೆ?"

"ಇಲಿ ಬೇಕಿತ್ತಲ್ಲೇ," ಎಂದ, ಅಂಗಡಿಗೆ ಹೋಗಿ ಉಪ್ಪು ತಂದವನ ಹಾಗೆ.

ಅವಳು ಬಿಲ್ ಮಾಡಿದಳು. ಕಂಪನಿಯ ಚರಿತ್ರೆಯಲ್ಲಿ ಅದೇ ಮೊದಲ ಮಾರಾಟ. ಚೇರ್ಮನ್ನರಿಗೆ ಆನಂದವೋ ಆನಂದ. ಗಿರಾಕಿ ಮನೆಯವನಾದರೇನು, ಗಿರಾಕಿ ಗಿರಾಕಿಯೇ ಎಂದರು. ಮುಂದಿನ ಸಲ ಸ್ವಲ್ಪ ಕಡಿಮೆ ಮಾಡಿಕೊಡುವಂತೆಯೂ ಅವಳಿಗೆ ಸೂಚನೆ ಕೊಟ್ಟರು. ಷೇರಿನ ಜೊತೆಗೇ ಅಣ್ಣನ ನಿರ್ದೇಶಕ ಸ್ಥಾನವೂ ಹೋಯಿತು. ಪರೀಕ್ಷೆ ಮುಗಿಯುವ ತನಕ ಸಂಬಳಕ್ಕಿರು ಎಂದು ಅವನಿಗೊಂದು ಕಾಗದ ಕೊಟ್ಟರು. ಅವನು ಅದನ್ನು ಓದದೆ ಜೇಬಿಗೆ ತುರುಕಿಕೊಂಡು ಇಲಿಮನೆಗೆ ಹೋದ.

ಮುಲಾಮು ಕೆಲಸ ಮಾಡಿತು. ಮೊದಲು ನೋಡಿದವಳು ಇಲಿಯಮ್ಮ. ಓಡಿಬಂದು ಲೆಕ್ಕದಮ್ಮನ ಕೈ ಹಿಡಿದು ಎಳೆದುಕೊಂಡು ಹೋದಳು. ಅಣ್ಣ ಒಂದು ಇಲಿಯನ್ನು ಅಂಗೈಯಲ್ಲಿ ಮಗುಚಿ ಹಿಡಿದಿದ್ದ. ಗಾಯ ಇದ್ದ ಕಡೆ ಎಳೆಯ ಗುಲಾಬಿ ಚರ್ಮ ಬಂದಿತ್ತು. "ಅಮ್ಮನ ಬೆರಳು ಉಳೀತಿತ್ತು ಕಣೇ," ಎಂದು ಅವನು ಅತ್ತ. ಅವಳೂ ಅತ್ತಳು. ಚೇರ್ಮನ್ನರು ಅವತ್ತೇ ದೊಡ್ಡ ಔಷಧ ಕಂಪನಿಯೊಂದಕ್ಕೆ ಫೋನ್ ಮಾಡಿ ಮುಲಾಮಿಗೆ ಬೆಲೆ ಕೇಳಿದರು. ಮುಲಾಮು ಈಗ ಅವರದ್ದೇ ಆಗಿತ್ತು, ಅವರು ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಪರೀಕ್ಷೆ ಮುಗಿದದ್ದರಿಂದ ತಿಂಗಳ ಕೊನೆಗೆ ಅಣ್ಣನ ಸಂಬಳವೂ ಮುಗಿಯಿತು.

ವರ್ಷದ ಕೊನೆಗೆ ಆಡಿಟರು ಬಂದರು. ಪುಟ ತಿರುವುತ್ತ ಮಾರಾಟದ ಸಾಲಿನ ಮೇಲೆ ಬೆರಳಿಟ್ಟರು.

"ಒಬ್ನೇ ಗಿರಾಕಿ ಇಷ್ಟೊಂದು ಇಲಿ ತಗೊಂಡಿದಾನೆ. ಕಂಪನಿಗೆ ಸಂಬಂಧಪಟ್ಟೋರ ಜೊತೆ ವ್ಯವಹಾರ ಆಗಿದ್ರೆ ಬೇರೆ ಟಿಪ್ಪಣಿ ಬರೀಬೇಕು, ಗೊತ್ತಲ್ಲ. ಇವ್ರ ಷೇರು ಏನಾದ್ರೂ ಇದ್ಯಾ?"

"ಒಂದೂ ಇಲ್ಲ ಸಾರ್."

"ನಿರ್ದೇಶಕರಾ?"

"ಅಲ್ಲ."

"ನೌಕರರಾ?"

"ಈಗ ಅಲ್ಲ."

"ಹಂಗಾದ್ರೆ ಏನೂ ಸಂಬಂಧ ಇಲ್ಲ ಅಂತ ಬರ್ಕೊಳ್ಳಾ?"

ಲೆಕ್ಕದಮ್ಮ ಬಿಲ್ಲಿನ ಮೇಲಿದ್ದ ಹೆಸರನ್ನು ನೋಡಿದಳು. "ಕಂಪನಿಗೆ ಏನೂ ಸಂಬಂಧ ಇಲ್ಲ ಸಾರ್," ಎಂದಳು. "ನನಗೆ ಅಣ್ಣ ಆಗ್ಬೇಕು."

ಆಡಿಟರು ಮೊದಲನೆಯ ಮಾತನ್ನು ಬರೆದುಕೊಂಡು ಪುಟ ತಿರುವಿದರು.