ಹಾಲು ಕರೆಯುವ ಕೈ

ತಾಳವಾಡಿ ಸುತ್ತಿನ ಹಳ್ಳಿಗಳಲ್ಲಿ ಅವಳನ್ನು ಉಗುರಿನ ಮಮತ ಅಂತಲೇ ಕರೆಯುತ್ತಿದ್ದರು. ಸತ್ಯಮಂಗಲದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿತು ಬಂದವಳು. ಹಳೆಯ ಸ್ಕೂಟಿಯೊಂದರ ಮೇಲೆ ತನ್ನ ಇಡೀ ಅಂಗಡಿಯನ್ನು ಒಂದು ಬ್ಯಾಗಿಗೆ ತುಂಬಿಕೊಂಡು ಊರೂರು ಸುತ್ತುವಳು. ಮದುವೆಯಿರಲಿ, ಸೀಮಂತವಿರಲಿ, ಫೋನು ಮಾಡಿದವರ ಮನೆಗೆ ಹೋಗಿ ಹೆಣ್ಣುಮಕ್ಕಳ ಮೋಟು ಉಗುರಿಗೆ ಉದ್ದನೆಯ ಉಗುರು ಅಂಟಿಸಿ, ಬಣ್ಣ ಬಳಿದು, ಹೂವು ಬಿಡಿಸಿ ಬರುವಳು. ಅರಿಶಿನದ ಹೊಲದಲ್ಲಿ ಕಳೆ ಕೀಳುವ ಬೊಮ್ಮಮ್ಮನ ಮಗಳು ಹೀಗೆ ದೊಡ್ಡ ಮನೆ ಹೆಂಗಸರ ಕೈ ಹಿಡಿದು ಕೂರುವುದನ್ನು ಕೆಲವರಿಗೆ ನೋಡಲಾಗುತ್ತಿರಲಿಲ್ಲ. ಆದರೆ ಚಂದ ಕಾಣಬೇಕು ಅನ್ನಿಸಿದಾಗ ಜಾತಿಯನ್ನು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂರಿಸುವುದು ನಮ್ಮವರಿಗೆ ಚೆನ್ನಾಗಿ ಗೊತ್ತು.

ಆವತ್ತು ಬೆಳಿಗ್ಗೆ ಫೋನು ಮಾಡಿದವನು ಅಂಥದೇ ಒಂದು ದೊಡ್ಡ ಮನೆಯ ಗುರುಸ್ವಾಮಿಯವರ ಮಗ ಮಧುಕುಮಾರ. ಅವನ ದನಿಯ ಹಿಂದೆ ಒಂದು ಹೆಣ್ಣು ಚೀರುತ್ತಿತ್ತು.

"ನೀ ಅಂಟ್ಸಿರ ಉಗ್ರ ನೀನೇ ಬಂದು ಕಿತ್ತಾಕು. ಒಂದ ನಾನೇ ಕಿತ್ತಿವ್ನಿ," ಅಂದವನೇ ಫೋನಿಟ್ಟ.

ಚೀರುತ್ತಿದ್ದವಳು ಅವನ ತಂಗಿ ರಂಜಿನಿ. ಹಾಸನೂರಿನಲ್ಲಿ ಗೆಳತಿ ದಿವ್ಯಳ ಮದುವೆಗೆ ಹೋಗಬೇಕೆಂದು ಹೋದ ವಾರವಷ್ಟೇ ಮಮತನ ಕೈಯಲ್ಲಿ ಕೆಂಪು ಉಗುರು ಅಂಟಿಸಿಕೊಂಡಿದ್ದಳು. ರಂಜಿನಿಯದೇ ಮದುವೆ ಗೊತ್ತುಮಾಡುವ ವೀಳ್ಯದ ಶಾಸ್ತ್ರ ಮುಂದಿನ ತಿಂಗಳಿಗೆ ಎಂದು ಮಾತಾಗಿತ್ತು. ಗಂಡಿನ ಕಡೆಯವರು ಇದ್ದಕ್ಕಿದ್ದಂತೆ ಇವತ್ತೇ ಒಳ್ಳೆಯ ದಿನ, ಮಧ್ಯಾಹ್ನಕ್ಕೇ ಬರುತ್ತೇವೆ ಎಂದು ಹೇಳಿಕಳಿಸಿದರು. ತಾಳಮಲೆ ಕಡೆಯ ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ವೀಳ್ಯ ಬದಲಾಯಿಸುವ ಮುಂಚೆ ಹುಡುಗಿ ತನ್ನ ಮನೆಯ ಹಸುವಿನ ಹಾಲನ್ನು ಅತ್ತೆಯ ಕಣ್ಣೆದುರು ಕರೆಯಬೇಕು. ಹಸು ಒದೆಯದೆ ಹಾಲು ಬಿಟ್ಟರೆ ಆ ಕೈ ತಮ್ಮ ಮನೆಗೆ ಆಗಿಬರುತ್ತದೆ ಎಂದು ಲೆಕ್ಕ. ಉದ್ದ ಉಗುರಿನ ಕೈ ಕೆಚ್ಚಲಿಗೆ ಹೋದರೆ ಯಾವ ಹಸು ಸುಮ್ಮನಿದ್ದೀತು?

ರಂಜಿನಿ ಅಣ್ಣನಿಗೆ ಸಮಾಧಾನದಿಂದಲೇ ಹೇಳಿದ್ದಳು, ಮಮತಕ್ಕ ಬಂದರೆ ಬಿಡಿಸಿಕೊಡುತ್ತಾಳೆ, ಅಷ್ಟು ಹೊತ್ತು ತಡಿ ಎಂದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ. ಮಧುಕುಮಾರ ಉಗುರಿಗೇ ಕೊಡಲಿ ಎತ್ತುವ ಗಿರಾಕಿ. ಪಂಪ್‌ಸೆಟ್ ಮನೆಯಿಂದ ಕಟಿಂಗ್ ಪ್ಲೇಯರ್ ತಂದ, ತಂಗಿಯನ್ನು ಕಂಬಕ್ಕೆ ಒತ್ತಿ ಹಿಡಿದ, ಬಲಗೈ ಹೆಬ್ಬೆರಳಿನ ಉಗುರಿಗೆ ಹಾಕಿ ಎಳೆದ. ಅಂಟಿಸಿದ ಉಗುರಿನ ಜೊತೆ ಹುಟ್ಟಿದ ಉಗುರೂ ಬುಡಸಮೇತ ಕಿತ್ತು ಬಂತು.

ಮಮತ ಕೈಗೆ ಸಿಕ್ಕಿದ ಬ್ಯಾಗನ್ನು ಹೆಗಲಿಗೇರಿಸಿ ಆನೆ ಕಂದಕದ ಪಕ್ಕದ ಮಣ್ಣುದಾರಿಯಲ್ಲಿ ಸ್ಕೂಟಿ ಓಡಿಸಿಕೊಂಡು ಬಂದಳು. ಗುರುಸ್ವಾಮಿಯವರು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಮಿಳು ಪೇಪರ್ ಹಿಡಿದು ಕೂತಿದ್ದರು. ಬಂದವಳನ್ನು ನೋಡಿ ಹಿತ್ತಲ ಕಡೆ ಗಲ್ಲ ತಿರುಗಿಸಿ ತೋರಿಸಿದರು. ಹಿತ್ತಲಲ್ಲಿ ರಂಜಿನಿ ಗೋಡೆಗೊರಗಿ ಕೂತಿದ್ದಳು. ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಒದ್ದೆಯಾಗಿ, ರಕ್ತ ಮೊಣಕೈವರೆಗೆ ಇಳಿದು ಒಣಗಿತ್ತು. ಅವಳ ತಾಯಿ, ಚಿಕ್ಕಮ್ಮ ಅಂತ ಹೆಸರು, ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದರು. ಪ್ಲೇಯರ್ ಹಿಡಿದ ಮಧುಕುಮಾರ ಅತ್ತಿಂದಿತ್ತ ಓಡಾಡುತ್ತಿದ್ದ.

ಮಮತ ಕೂತು ಬ್ಯಾಗಿನ ಜಿಪ್ ಎಳೆದಳು. ಬಣ್ಣದ ಸೀಸೆಗಳಿದ್ದವು, ಬ್ರಷ್ಷುಗಳಿದ್ದವು, ಮಿಂಚಿನ ಪುಡಿ ಇತ್ತು. ಅಂಟಿದ ಉಗುರನ್ನು ಕರಗಿಸುವ ಅಸಿಟೋನ್ ಇರಲಿಲ್ಲ. ಉಜ್ಜುವ ಫೈಲ್, ಎಬ್ಬುವ ಕಡ್ಡಿ, ಹತ್ತಿ, ಯಾವುದೂ ಇರಲಿಲ್ಲ. ರಾತ್ರಿ ತೊಳೆದು ಒರೆಸಿ ಕಿಟಕಿಯ ಮೇಲೆ ಸಾಲಾಗಿ ಇಟ್ಟವಳು ಅವನ ಫೋನಿನ ಅಬ್ಬರಕ್ಕೆ ಅಲ್ಲೇ ಬಿಟ್ಟು ಓಡಿಬಂದಿದ್ದಳು. ಮರೆತೆ ಅಂತ ಬಾಯಿ ಬಿಟ್ಟರೆ ಉಳಿದ ಬೆರಳುಗಳಿಗೆಲ್ಲ ಆ ಪ್ಲೇಯರೇ ಗತಿ. ವಾಪಸು ಹೋಗಿ ತರುವಷ್ಟು ಹೊತ್ತು ಆ ಮನುಷ್ಯ ತಡೆಯುವವನಲ್ಲ.

ಹಾಗಾಗಿ ಅವಳು ಸುಳ್ಳು ಹೇಳಿದಳು. ಔಷಧಿ ಕಲಸಬೇಕು, ಗಂಡಸರು ಎದುರಿಗಿದ್ದರೆ ರಂಜಿನಿಯ ಕೈ ನಡುಗುತ್ತದೆ, ಸ್ವಲ್ಪ ಆಚೆಗಿರಿ ಅಣ್ಣ ಎಂದಳು. ಅವಳ ತಾಯಿ ಬೊಮ್ಮಮ್ಮ ಆ ಮನೆಯವರನ್ನು ಒಡೆಯರೆಂದು ತಲೆಬಾಗಿ ಬುದ್ಧಿ ಅಂತ ಕರೆಯುವವಳು. ಇವಳು ಅಣ್ಣ ಅಂದದ್ದಕ್ಕೆ ಅವನು ಒಂದು ಸಲ ದುರುಗುಟ್ಟಿ ನೋಡಿ ಜಗಲಿಗೆ ಹೋದ.

ಮಮತ ಕಣ್ಣಾಡಿಸಿದಳು. ಮುಂದಿನ ತಿಂಗಳು ನೆಂಟರು ಬರುತ್ತಾರೆಂದು ಮೊದಲೇ ಗೇಟಿಗೆ ಬಣ್ಣ ಹೊಡೆಸಿದ್ದರು. ಪೇಂಟಿನವರು ಬಿಟ್ಟುಹೋದ ತಿನ್ನರ್ ಡಬ್ಬಿಯೂ ಉಪ್ಪುಕಾಗದದ ಚೂರುಗಳೂ ಕೊಟ್ಟಿಗೆಯ ಗೂಟದ ಪಕ್ಕ ಬಿದ್ದಿದ್ದವು. ಬಣ್ಣ ಕರಗಿಸುವ ತಿನ್ನರ್ ಅಂಟನ್ನೂ ಕರಗಿಸುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಪಾರ್ಲರಿನಲ್ಲಿ ಒಮ್ಮೆ ಸೀಸೆ ಖಾಲಿಯಾದಾಗ ಅವಳೇ ಇದನ್ನು ಮಾಡಿ ನೋಡಿದ್ದಳು. ಚಿಕ್ಕಮ್ಮನವರ ಕಿವಿಯಲ್ಲಿ ಉಸುರಿದಳು. ಆ ಹೆಂಗಸು ಯಾಕೆ ಏನು ಅಂತ ಒಂದು ಮಾತೂ ಕೇಳದೆ ದೇವರಮನೆಯಿಂದ ಹೂಬತ್ತಿ ತಂದರು, ಅಡುಗೆಮನೆಯಿಂದ ತುಪ್ಪ ತಂದರು, ಹಾಲಿನ ಪ್ಲಾಸ್ಟಿಕ್ ಕವರು ಕತ್ತರಿಸಿಕೊಟ್ಟರು, ಪೊರಕೆಯಿಂದ ಕಡ್ಡಿ ಮುರಿದುಕೊಟ್ಟರು. ಬಿಸಿನೀರು ಬೇಕೆಂದಾಗ ಒಲೆಯ ಹತ್ತಿರಕ್ಕೇ ಕರೆದರು. ತಿನ್ನರಿಗೆ ಕಿಡಿ ತಾಗಿದರೆ ಕೈಯೇ ಹತ್ತಿ ಉರಿಯುತ್ತದೆ ಎಂದು ಮಮತ ಬೇಡ ಅಂದಳು. ನೀರನ್ನೇ ಹಿತ್ತಲಿಗೆ ತಂದರು.

ಉಗುರಿನ ಸುತ್ತ ಚರ್ಮ ಸುಡದಂತೆ ತುಪ್ಪ ಸವರಿ, ತಿನ್ನರಿನಲ್ಲಿ ಅದ್ದಿದ ಬತ್ತಿಯನ್ನು ಉಗುರಿನ ಮೇಲಿಟ್ಟು, ಕವರಿನ ಚೂರು ಸುತ್ತಿ ನೂಲಿನಿಂದ ಕಟ್ಟಿದಳು. ಕಿತ್ತುಹೋದ ಹೆಬ್ಬೆರಳನ್ನು ಮಾತ್ರ ಬೇರೆಯಾಗಿ ಎತ್ತಿ ಹಿಡಿಸಿದಳು. ಬಿಸಿನೀರಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಬೆರಳುಗಳನ್ನು ಅದರ ಮೇಲಿಡಿಸಿದಳು. ಇವು ನೋಯುವುದಿಲ್ಲ ಎಂದು ಮಮತ ಮತ್ತೆ ಮತ್ತೆ ಹೇಳಿದಳು. ಅಂಟಿಸಿದ್ದು ನಾನು, ಅಂದವಾಗಿದೆ ಎಂದು ಹೊಗಳಿದವಳೂ ನಾನು ಎಂದು ತನ್ನನ್ನೇ ಬೈದುಕೊಳ್ಳುತ್ತ ಒಂದೊಂದೇ ಕವರು ಒತ್ತಿ ನೋಡುತ್ತಿದ್ದಳು.

ಮೊದಲನೆಯದು ಕಡ್ಡಿ ತಾಗಿಸಿದ ಕೂಡಲೇ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿದಂತೆ ಬಂತು. ರಂಜಿನಿ ಉಸಿರು ಬಿಟ್ಟಳು. ಇನ್ನೊಂದು ಬಂತು, ಮತ್ತೊಂದು ಬಂತು. ಮಮತ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ಉಳಿದ ಅಂಟು ತೆಗೆದಳು. ಬಲಗೈ ಮುಗಿದು ಎಡಗೈಯಲ್ಲಿ ಇನ್ನು ಮೂರೇ ಉಳಿದಿದ್ದವು. ಇದೊಂದು ಗಳಿಗೆ ಕಳೆದರೆ ಹುಡುಗಿ ಉಳಿದಳು ಎಂದುಕೊಳ್ಳುವಷ್ಟರಲ್ಲಿ ಮಧುಕುಮಾರ ಮೂಗು ಅರಳಿಸಿಕೊಂಡು ಹಿತ್ತಲಿಗೆ ಬಂದ. ತಿನ್ನರ್ ವಾಸನೆ ಜಗಲಿಗೆ ಹೋಗಿತ್ತು.

"ಗೇಟ್ಗ ಬಳ್ಯ ತಿನ್ನರ ನಮ್ಮಟ್ಟಿ ಎಣ್ಮಗಳ್ಗ ಆಕ್ತಿದ್ದಯಾ?" ಅಂದವನು ಅವಳ ಉತ್ತರಕ್ಕೆ ಕಾಯಲಿಲ್ಲ. ಅಂಗೈ ಅಗಲಿಸಿ ಮಮತನ ಕೆನ್ನೆಗೆ ಬಾರಿಸಿದ. ಅವಳ ತಲೆ ಗೋಡೆಗೆ ಬಡಿದು, ತುಟಿ ಒಡೆದು ಬಾಯಲ್ಲಿ ಉಪ್ಪುಪ್ಪು ರಕ್ತ ತುಂಬಿತು. ಬಿಸಿನೀರಿನ ಪಾತ್ರೆಯನ್ನು ಒದ್ದ. ನೀರು ಚಿಕ್ಕಮ್ಮನವರ ಕಾಲ ಮೇಲೆ ಚೆಲ್ಲಿತು. ಔಷಧಿ ಇಲ್ಲದೆ ಬಂದವಳು ನಾಟಕ ಆಡ್ತಾಳೆ, ನೆಂಟರು ಗುಡ್ಡ ಇಳಿದಾಯಿತು, ಇನ್ನು ಕಾಯೋನು ನಾನಲ್ಲ ಎಂದು ಕೂಗಾಡುತ್ತ ರಂಜಿನಿಯ ಎಡಗೈಯನ್ನು ಮೊಣಕಾಲಿನ ಕೆಳಗೆ ಹಾಕಿ ಅದುಮಿ ಪ್ಲೇಯರಿನ ಬಾಯಿ ಬಿಡಿಸಿದ.

ಮಮತನಿಗೆ ಭಯವಾಯಿತು. ಭಯ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಓಡಿಹೋಗಿ ಸ್ಕೂಟಿ ಹತ್ತಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಆದರೆ ಆ ಕಬ್ಬಿಣದ ಬಾಯಿ ರಂಜಿನಿಯ ಉಂಗುರದ ಬೆರಳಿಗೆ ಹತ್ತಿರವಾಗುತ್ತಿದ್ದಂತೆ ಅವಳ ಕೈ ತಾನಾಗಿ ನಡುವೆ ಹೋಯಿತು.

"ಅಂಟ್ಸಿದವ್ಳು ನಾನು. ಕೀಳಾದ್ರ ನಂದ ಕೀಳು," ಅಂದಳು.

ಅಷ್ಟು ಹೇಳಿದರೆ ನಾಚಿಕೊಂಡು ನಿಲ್ಲುತ್ತಾನೆ ಎಂದು ಅವಳು ಎಣಿಸಿದ್ದಳೋ ಏನೋ. ಅವನು ನಿಲ್ಲಲಿಲ್ಲ. ಅವಳ ತೋರುಬೆರಳಿನ ಉಗುರನ್ನು ಕಚ್ಚಿಸಿ, ಹಲ್ಲು ಕಚ್ಚಿ, ಮೊಳೆ ಕೀಳುವವನಂತೆ ತಿರುಚಿ ಎಳೆದ. ಮಮತನ ಬಾಯಿಂದ ಬಂದ ಕೂಗು ಅವಳದೆಂದು ಅವಳಿಗೇ ಗೊತ್ತಾಗಲಿಲ್ಲ. ಕಣ್ಣಿಗೆ ಕತ್ತಲೆ ಕವಿಯಿತು. ಕೊಟ್ಟಿಗೆಯಲ್ಲಿ ಹಸು ಹೆದರಿ ಹಗ್ಗ ಜಗ್ಗಿತು. ಜಗಲಿಯಲ್ಲಿ ಗುರುಸ್ವಾಮಿಯವರು ಒಂದು ಸಲ ಕೆಮ್ಮಿದರು. ಆಮೇಲೆ, ನೆಂಟರು ಬಂದರು, ಗಲಾಟೆ ಬೇಡ ಎಂದರು. ಅಷ್ಟೇ.

ಗಲಾಟೆ ನಿಂತಿತು. ಮಧುಕುಮಾರ ಕೈ ತೊಳೆದು ಅಂಗಿ ಬದಲಾಯಿಸಿ ನೆಂಟರಿಗೆ ಕೈಮುಗಿಯಲು ಹೋದ. ಮಮತ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಕುಸಿದಳು. ಎದ್ದು ಹೋಗುವ ಶಕ್ತಿ ಅವಳಲ್ಲಿರಲಿಲ್ಲ. ಮಗಳ ಮುಖ ಒರೆಸಿ, ಸೀರೆ ಸರಿಮಾಡಿ, ಹಾಲಿನ ಚೆಂಬು ಹಿಡಿದು ಚಿಕ್ಕಮ್ಮ ಅವಳನ್ನು ಹಸುವಿನ ಹತ್ತಿರ ಕರೆತಂದರು. ಸುಟ್ಟ ಪಾದ ಎಳೆದು ಹಾಕುತ್ತಿದ್ದರು.

ಗಂಡಿನ ತಾಯಿ ದಪ್ಪನೆಯ ಸರ ಹಾಕಿಕೊಂಡ, ನಗುಮುಖದ ಹೆಂಗಸು. ಮಣೆ ಹಾಕಿಸಿಕೊಂಡು ಎದುರಿಗೇ ಕೂತರು. ಮಧುಕುಮಾರ ಪಕ್ಕದಲ್ಲೇ ನಿಂತ. ರಂಜಿನಿ ಕುಕ್ಕರುಗಾಲಲ್ಲಿ ಕೂತು ಬಲಗೈಯಿಂದ ಕೆಚ್ಚಲು ಮುಟ್ಟಿದಳು. ಹಸು ಹುಟ್ಟಿದಾಗಿನಿಂದ ಅವಳ ಕೈ ಬಲ್ಲದು, ಸುಮ್ಮನೆ ನಿಂತಿತು. ನಾಲ್ಕು ಬೆರಳಿನಲ್ಲೇ ಹಿಂಡಿ ಚೆಂಬು ಅರ್ಧ ತುಂಬಿಸಿದಳು. ಹೆಬ್ಬೆರಳು ಒತ್ತಿದ ಕೂಡಲೇ ಬಟ್ಟೆಯಿಂದ ರಕ್ತ ಒಸರಿ ಹಾಲಿನೊಳಗೆ ತೊಟ್ಟಿಕ್ಕಿತು. ಚಿಕ್ಕಮ್ಮ ಅರ್ಧ ತುಂಬಿದ ಚೆಂಬನ್ನು ತಟ್ಟನೆ ಎತ್ತಿಕೊಂಡರು.

ಗಂಡಿನ ತಾಯಿ ಬಾಗಿ ಕೈ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ರಂಜಿನಿ, ನಮ್ಮಣ್ಣ ಅಂದಳು. ಆ ಹೆಂಗಸು ಈಗ ಸಿಡಿದೇಳುತ್ತಾರೆ, ಇಂಥ ಮನೆಯ ಸಂಬಂಧ ಬೇಡ ಅನ್ನುತ್ತಾರೆ ಎಂದು ಮಮತ ಮೂಲೆಯಲ್ಲಿ ಕೂತೇ ಆಸೆಪಟ್ಟಳು. ಅವರು ನಕ್ಕರು. ತಮ್ಮ ಬಲಗೈ ಚಾಚಿ ಸೊಟ್ಟಗೆ ಕೂಡಿಕೊಂಡ ಕಿರುಬೆರಳು ತೋರಿಸಿದರು. ಮದುವೆಯಾದ ಹೊಸದರಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಯಜಮಾನರು ಮುರಿದದ್ದಂತೆ.

"ಇಷ್ಟುಕ್ಕೆಲ್ಲ ಅಳ್ತರಾ ಮೊಗ? ಅಭ್ಯಾಸ ಆಯ್ತದ ಬುಡು," ಅಂದರು. ಅವರ ದನಿಯಲ್ಲಿ ಕೆಡುಕು ಇರಲಿಲ್ಲ, ನಿಜವಾದ ಅಕ್ಕರೆ ಇತ್ತು.

ರಂಜಿನಿ ಎದ್ದು ನಿಂತಳು. "ನಂಗ ಅಭ್ಯಾಸ ಆಗದು ಬ್ಯಾಡ. ನಾ ಈ ಮದ್ವ ವಲ್ಲಿ," ಅಂದಳು.

ಮಧುಕುಮಾರ ಅವಳ ಜಡೆ ಹಿಡಿದು ನೆಲಕ್ಕೆ ಕೆಡವಿದ. ಸೊಂಟಕ್ಕೆ ಒದ್ದ, ಇನ್ನೊಮ್ಮೆ ಒದೆಯಲು ಕಾಲೆತ್ತಿದ. ಚಿಕ್ಕಮ್ಮ ಕೈಯಲ್ಲಿದ್ದ ಹಿತ್ತಾಳೆಯ ಚೆಂಬನ್ನು ಹಾಲುಸಮೇತ ಎತ್ತಿ ಮಗನ ಹಣೆಗೆ ಅಪ್ಪಳಿಸಿದರು. ಠಣ್ಣೆಂದಿತು. ಅವನು ತಿರುಗಿ, ಅವ್ವ ಅನ್ನುವಷ್ಟರಲ್ಲಿ ಇನ್ನೊಂದು ಬಿತ್ತು. ಹುಬ್ಬು ಸೀಳಿ, ಹಾಲೂ ರಕ್ತವೂ ಕಲೆತು ಮುಖದ ಮೇಲೆ ಹರಿದು, ಅವನು ಸಗಣಿಯ ಮೇಲೆ ಕೂತುಬಿಟ್ಟ. ಗಂಡಿನ ತಾಯಿ ಸೆರಗು ಬಾಯಿಗಿಟ್ಟುಕೊಂಡು ಎದ್ದರು. ಅವರ ಕಡೆಯವರು ಚಪ್ಪಲಿ ಹುಡುಕಿಕೊಂಡು ಹೊರಟೇಬಿಟ್ಟರು.

ಆಗ ಗುರುಸ್ವಾಮಿಯವರು ಕುರ್ಚಿಯಿಂದ ಎದ್ದರು. ಎದ್ದದ್ದಲ್ಲ, ಓಡಿಬಂದರು. ಮಗನ ಹಣೆಗೆ ಟವೆಲು ಒತ್ತಿ, ತಾಳವಾಡಿ ಆಸ್ಪತ್ರೆಗೆ ಹೋಗಬೇಕು, ಹೊಲಿಗೆ ಹಾಕಿಸಬೇಕು ಎಂದು ಗಾಬರಿಯಿಂದ ಕಾರಿನ ಕೀಲಿ ಹುಡುಕಿ ತಂದು, ಹಿತ್ತಲವರೆಗೂ ಕಾರು ತಂದು ನಿಲ್ಲಿಸಿದರು. ಚಿಕ್ಕಮ್ಮ ನೆಲದಲ್ಲಿದ್ದ ಮಗಳನ್ನು ಎಬ್ಬಿಸಿ ನಿಲ್ಲಿಸಿದರು. ಮೂಲೆಗೆ ಬಂದು ಮಮತನ ತೋಳು ಹಿಡಿದು ಎತ್ತಿದರು. ಇಬ್ಬರನ್ನೂ ಕರೆತಂದು ಕಾರಿನ ಬಾಗಿಲಿಗೆ ಅಡ್ಡವಾಗಿ ನಿಂತರು.

"ಬೆಳುಗ್ಗಿಂದ ಈ ಕೂಸ್ನ ಕೈಲಿ ರಕ್ತ ಸುರೀತದ. ಆಗ ಕೀಲಿ ಸಿಕ್ಕಿಲ್ವಾ ನಿಮ್ಗ?" ಎಂದು ಗಂಡನನ್ನು ಕೇಳಿದರು.

ಮಮತ ಕಾರಿನ ಸೀಟು ನೋಡಿ ಹಿಂಜರಿದು, ತನ್ನ ಸ್ಕೂಟಿ ಇದೆ ಎಂದಳು. ಚಿಕ್ಕಮ್ಮ ಅವಳ ಭುಜ ಅದುಮಿ ರಂಜಿನಿಯ ಪಕ್ಕದಲ್ಲೇ ಕೂರಿಸಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಮೊದ್ಲು ಇವ್ರಿಬ್ರು. ಜಾಗ ಮಿಕ್ರ ನಿಮ್ ಮಗ ಅತ್ಲಿ," ಅಂದರು.